ಮೂರು ಕಾಲಮ್ಮಿನ ಕ್ರಿಯಾಪದ

ಮೂವತ್ತನಾಲ್ಕನೆಯ ವಯಸ್ಸಿಗೆ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ಔರಾದ ತಾಲ್ಲೂಕಿನ ಶಾಲೆಗಳಲ್ಲಿ ಜೀವಮಾನವಿಡೀ ಕಲಿಸಿ ಎಕಂಬಾದಲ್ಲಿ ನಿವೃತ್ತರಾದ ನನ್ನ ಅಪ್ಪನೂ ನಕ್ಕರು.

"ನನಗ ಹಾರ ಹಾಕಿ, ಶಾಲು ಹೊಚ್ಚಿ ಕಳಿಸಿದ್ರು. ನಿನಗೇನ್ ಹಾಕಿದ್ರವ್ವಾ?"

"ಒಂದು ಮೇಲ್ ಹಾಕಿದ್ರಪ್ಪ," ಎಂದೆ.

ಹೈದರಾಬಾದಿನ ಒಂದು ಅನುವಾದ ಸಂಸ್ಥೆಗಾಗಿ ಹನ್ನೊಂದು ವರ್ಷ ಬೀದರಿನಲ್ಲೇ ಕುಳಿತು ಸ್ಪ್ಯಾನಿಶ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡಿದೆ. ಕೊನೆಯ ಎಂಟು ತಿಂಗಳು ಯಂತ್ರ ಮೊದಲು ಅನುವಾದಿಸುತ್ತಿತ್ತು, ನಾನು ತಿದ್ದುತ್ತಿದ್ದೆ. ಆಮೇಲೆ ತಿದ್ದುವುದೂ ಬೇಡವಾಯಿತು. ಕೊನೆಯ ಮೇಲ್‌ನಲ್ಲಿ, ಸ್ಪ್ಯಾನಿಶ್ ವಿಭಾಗವನ್ನು ನಿವೃತ್ತಿಗೊಳಿಸಲಾಗಿದೆ ಎಂದಿತ್ತು. ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಹಾಗಾಗಿ ಆ ಮಾತನ್ನು ನನ್ನದಾಗಿಯೇ ಮಾಡಿಕೊಂಡಿದ್ದೇನೆ.

ಹೋದ ತಿಂಗಳು ಕಮಲನಗರದ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಹೈದರಾಬಾದಿಗೆ ಹೋಗಿ ಸ್ಪ್ಯಾನಿಶ್ ಓದುತ್ತಾಳಂತೆ. "ಅಕ್ಕಾ, ಈ ಕೆಲಸ ಖರೇ ಹ್ಯಾಂಗಿರ್ತದ?" ಎಂದು ಕೇಳಿದಳು. ಬಾಯಿಮಾತಿನಲ್ಲಿ ಉತ್ತರ ಸರಿಯಾಗಿ ಬರಲಿಲ್ಲ. ನನ್ನ ಹತ್ತಿರ ಹನ್ನೊಂದು ಡೈರಿಗಳಿವೆ. ಪ್ರತಿ ದಿನ ಎಷ್ಟು ಪುಟ ಮಾಡಿದೆ, ಯಾವ ಶಬ್ದ ಕಾಡಿತು, ಎಲ್ಲಿ ತಪ್ಪಿದೆ ಎಂದು ತಾರೀಖು ಹಾಕಿ ಬರೆದಿದ್ದೇನೆ. ತಪ್ಪುಗಳು ಕೆಂಪು ಶಾಯಿಯಲ್ಲಿವೆ. ಈ ಬರಹ ಹೆಚ್ಚಾಗಿ ಕೆಂಪು ಶಾಯಿಯಿಂದಲೇ ಆಯ್ದದ್ದು.

ಮೊದಲ ಕೆಂಪು ಟಿಪ್ಪಣಿ ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಿನದು. ಭಾಲ್ಕಿಯ ಒಂದು ದಾಲ್ ಮಿಲ್ಲಿಗೆ ದೂರದ ದ್ವೀಪವೊಂದರ ವ್ಯಾಪಾರಿಯಿಂದ ಸ್ಪ್ಯಾನಿಶ್ ಪತ್ರ ಬಂದಿತ್ತು. ಅವನಿಗೆ ಬೇಕಾಗಿದ್ದದ್ದು ಒಣಗಿಸಿ ಹೋಳು ಮಾಡಿದ 'ಗಾಂದುಲೆಸ್'. ನನ್ನ ನಿಘಂಟು ಸ್ಪೇನಿನಲ್ಲಿ ಅಚ್ಚಾದದ್ದು. ಗಾಂದುಲ್ ಎಂದರೆ ಸೋಮಾರಿ ಎಂದಷ್ಟೇ ಅದರಲ್ಲಿತ್ತು. ನಾನು ಅದನ್ನೇ ಬರೆದು ಕಳಿಸಿದೆ. ಮರುದಿನ ಮಿಲ್ಲಿನ ಮಾಲೀಕರ ಫೋನು ಬಂತು.

"ತಂಗೀ, ನಮ್ ಮಿಲ್ಲಿನಾಗ ಸೋಮಾರಿಗೋಳು ಬೇಕಾದಷ್ಟು ಅದಾರ. ಯಾವಾಗ ಬೇಕಂದ್ರ ಆವಾಗ ಕೊಡ್ತೇನಿ. ಖರೆ ಅವರನ್ನ ಒಣಗಿಸಿ, ಹೋಳು ಮಾಡಿ, ಚೀಲಕ್ಕ ತುಂಬೂದು ಹ್ಯಾಂಗ, ಅದಷ್ಟು ಹೇಳು."

ಆ ದ್ವೀಪಗಳ ಕಡೆ ಗಾಂದುಲ್ ಎಂದರೆ ತೊಗರಿ. ತೊಗರಿ ಹೊಲದ ಬದುವಿನಲ್ಲೇ ಆಡಿ ಬೆಳೆದವಳು ನಾನು. ಪತ್ರ ಬಂದದ್ದು ದಾಲ್ ಮಿಲ್ಲಿಗೆ. ಆದರೂ ಹೊಳೆಯಲಿಲ್ಲ. ತೊಗರಿಯನ್ನೇ ಬೆಳೆಯದ ಊರಿನ ನಿಘಂಟನ್ನು ನಂಬಿ ನಮ್ಮೂರ ಬೆಳೆಯನ್ನು ಗುರುತಿಸದೆ ಹೋದೆ. ಮಾಲೀಕರು ಸಿಟ್ಟಾಗಲಿಲ್ಲ. ಮುಂದೆ ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ "ಏನ್ ತಂಗೀ, ಸೋಮಾರಿಗೋಳು ಒಣಗಿದ್ರೇನು?" ಎಂದು ಕೇಳುತ್ತಿದ್ದರು.

ನನ್ನ ಮೇಲಧಿಕಾರಿಗಳು ಬಹಳ ಮಂದಿ ಬದಲಾದರು. ನೆನಪಿನಲ್ಲಿ ಉಳಿದವರು ನಯೀಮ್ ಸಾಹೇಬರೊಬ್ಬರು. ಬೀದರಿನ ಹಳೇ ಶಹರದಲ್ಲಿ ಹುಟ್ಟಿದವರು, ಕೋರ್ಟಿನಲ್ಲಿ ಉರ್ದು ಕಾಗದಗಳನ್ನು ಇಂಗ್ಲಿಷಿಗೆ ತರುತ್ತಿದ್ದವರು. ನಿವೃತ್ತಿಯ ನಂತರ ನಮ್ಮ ಸಂಸ್ಥೆಯಲ್ಲಿ ಪರಿಶೀಲಕರಾಗಿದ್ದರು. ಅವರಿಗೆ ಸ್ಪ್ಯಾನಿಶ್ ಒಂದಕ್ಷರ ಬರುತ್ತಿರಲಿಲ್ಲ. ನನ್ನ ಇಂಗ್ಲಿಷ್ ಓದಿಯೇ ಸ್ಪ್ಯಾನಿಶ್‌ನಲ್ಲಿ ನಾನು ಎಲ್ಲಿ ಜಾರಿದ್ದೇನೆ ಎಂದು ಹಿಡಿಯುತ್ತಿದ್ದರು.

"ಬೇಟೀ, ಒಂದು ಕ್ರಿಯಾಪದ ಅಂದ್ರ ಮೂರು ಮಂದಿ. ಮಾಡಿದವ, ಮಾಡಿಸ್ಕೊಂಡವ, ನಿಂತು ನೋಡಿದವ. ಮೂವರನ್ನೂ ಕೇಳಿ ಬರಿ. ಒಬ್ಬನ್ನ ಕೇಳಿ ಬರದ್ರ ಅದು ಅನುವಾದ ಅಲ್ಲ, ಚಾಡಿ."

ನಾನು ಇದನ್ನು ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನು ಪಾಲಿಸಿದ ಹಾಗೆಯೇ ಎಂದು ತಿಳಿಯುವುದು ನನ್ನ ಸ್ವಭಾವದ ದೋಷ.

ಆ ದಿನಗಳಲ್ಲಿ ನನಗೆ ಹೆಚ್ಚಾಗಿ ಬರುತ್ತಿದ್ದದ್ದು ಸುದ್ದಿ ಪುಟಗಳು. ಅವುಗಳಲ್ಲಿ ಒಂದು ಕ್ರಿಯಾಪದ ಮತ್ತೆ ಮತ್ತೆ ಎದುರಾಗುತ್ತಿತ್ತು, 'ಆಸೆರ್ಸೆ ಕೋನ್'. ಸೇನಾಪತಿ ದೇಶದ ಅಧಿಕಾರ ಕಿತ್ತುಕೊಂಡ ಎನ್ನುವುದಕ್ಕೂ ಅದೇ, ತಂಡ ಕಪ್ ಗೆದ್ದಿತು ಎನ್ನುವುದಕ್ಕೂ ಅದೇ. ಹೊಸ ಮಾಸ್ತರರಿಗೆ ತರಗತಿ ಹತೋಟಿಗೆ ಬಂತು ಎನ್ನುವುದಕ್ಕೂ ಅದೇ. ನಾನು ಒಂದು ನೋಟ್‌ಬುಕ್ಕಿನಲ್ಲಿ ಆ ಪದಕ್ಕೇ ಒಂದು ಪುಟ ಮೀಸಲಿಟ್ಟು ಮೂರು ಕಾಲಮ್ ಹಾಕಿದೆ. ಮೊದಲನೆಯದು ಕಿತ್ತುಕೊಳ್ಳುವುದು, ಎರಡನೆಯದು ಗಳಿಸುವುದು, ಮೂರನೆಯದು ಹತೋಟಿಗೆ ತರುವುದು. ಆ ಪದ ಸಿಕ್ಕಾಗಲೆಲ್ಲ ಅದರ ಕಾಲಮ್ಮಿನಲ್ಲಿ ಒಂದು ಗೀಟು ಎಳೆದು, ಪಕ್ಕದಲ್ಲಿ ಯಾರು, ಏನನ್ನು ಎಂದು ಸಣ್ಣಕ್ಷರದಲ್ಲಿ ಬರೆಯುತ್ತಿದ್ದೆ. ಏಳನೆಯ ವರ್ಷದ ಹೊತ್ತಿಗೆ ಮೊದಲ ಕಾಲಮ್ಮಿನಲ್ಲಿ ಅರವತ್ತೊಂದು ಗೀಟು, ಎರಡನೆಯದರಲ್ಲಿ ಮೂವತ್ತನಾಲ್ಕು, ಮೂರನೆಯದರಲ್ಲಿ ನಾಲ್ಕು. ಇಷ್ಟು ಚೊಕ್ಕ ಲೆಕ್ಕ ಯಾವ ನಿಘಂಟಿನಲ್ಲೂ ಇಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಅದೇ ವರ್ಷ ಜುಲೈ ತಿಂಗಳಲ್ಲಿ ಸುಶೀಲಾ ಸಿಸ್ಟರ್ ಬಂದರು.

ಭಾಲ್ಕಿಯವರು, ಮೆಥೋಡಿಸ್ಟ್ ಮನೆತನ. ಅಜ್ಜಿಯೂ ನರ್ಸ್, ತಾಯಿಯೂ ನರ್ಸ್. ಸ್ಪೇನಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಐದು ವರ್ಷ ದುಡಿದು ಆಗಷ್ಟೇ ಮರಳಿದ್ದರು. ಬೀದರಿನ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಮುಖ್ಯ ಸಿಸ್ಟರ್ ಹುದ್ದೆಗೆ ಅರ್ಜಿ ಹಾಕಿದ್ದರು. ವೃದ್ಧಾಶ್ರಮದ ಮುಖ್ಯಸ್ಥೆ ಕೊಟ್ಟ ಒಂದು ಪುಟದ ಶಿಫಾರಸು ಪತ್ರವನ್ನು ಇಂಗ್ಲಿಷಿಗೆ ತಂದು, ಸೀಲು ಹಾಕಿ, ಲಕೋಟೆ ಅಂಟಿಸಿ ನೇರವಾಗಿ ಆಸ್ಪತ್ರೆಗೆ ಕಳಿಸಬೇಕೆಂಬುದು ನಿಯಮ. ಹಾಗಾಗಿ ನಾನು ಬರೆದದ್ದನ್ನು ಅವರು ನೋಡುವಂತಿರಲಿಲ್ಲ.

ಪತ್ರದ ನಡುವಿನಲ್ಲಿ ಒಂದು ಸಣ್ಣ ವಾಕ್ಯವಿತ್ತು. ಎರಡು ವಾರದಲ್ಲಿ ಇವರು 'ಸೆ ಅಬೀಯಾ ಎಚೊ ಕೋನ್ ಲಾ ಪ್ಲಾಂತಾ'. ಪ್ಲಾಂತಾ ಎಂದರೆ ಇಲ್ಲಿ ಆಶ್ರಮದ ಒಂದು ಮಹಡಿ. ರೂಪ ಬೇರೆಯಾದರೂ ಕ್ರಿಯಾಪದ ನನ್ನ ಅದೇ ಹಳೆಯ ಪರಿಚಯದ 'ಆಸೆರ್ಸೆ ಕೋನ್'. ಆ ದಿನದ ಡೈರಿಯಲ್ಲಿ ಹದಿನಾಲ್ಕು ಪುಟ ಎಂದಿದೆ. ಕೈಯಲ್ಲಿ ಕೆಲಸ ತುಂಬಾ ಇತ್ತು. ನಯೀಮ್ ಸಾಹೇಬರು ಹಿಂದಿನ ವರ್ಷವೇ ಕೆಲಸ ಬಿಟ್ಟಿದ್ದರು, ಕೇಳುವವರು ಯಾರೂ ಇರಲಿಲ್ಲ. ನೋಟ್‌ಬುಕ್ ತೆಗೆದು ನೋಡಿದೆ. ಅರವತ್ತೊಂದು, ಮೂವತ್ತನಾಲ್ಕು, ನಾಲ್ಕು. ಅರವತ್ತೊಂದರ ಮಾತು ಕೇಳಿದೆ. ಎರಡು ವಾರದಲ್ಲಿ ಆಕೆ ಇಡೀ ಮಹಡಿಯ ಅಧಿಕಾರವನ್ನು 'ಸೀಝ್' ಮಾಡಿದಳು ಎಂದು ಇಂಗ್ಲಿಷಿನಲ್ಲಿ ಬರೆದು, ಸೀಲು ಒತ್ತಿ, ಲಕೋಟೆ ಅಂಟಿಸಿದೆ.

ಒಂಬತ್ತು ದಿನದ ಮೇಲೆ, ಗುರುವಾರ, ಸಿಸ್ಟರ್ ಮತ್ತೆ ನನ್ನ ಕೋಣೆಗೆ ಬಂದರು. ಕೂಡಲಿಲ್ಲ.

"ಮೇಡಂ, ನನ್ನ ಕಾಗದದಾಗ ಏನ್ ಬರದೀರಿ?"

"ಯಾಕ್ರಿ ಸಿಸ್ಟರ್, ಏನಾಯ್ತು?"

"ಇಂಟರ್‌ವ್ಯೂಕ್ಕ ಹೋಗಿದ್ದೆ. ಕಮಿಟಿಯಾಗ ಒಬ್ಬರು ಕೇಳ್ತಾರ, 'ಅಲ್ಲಿ ವಾರ್ಡ್ ಕಬ್ಜಾ ಮಾಡೀರಂತ, ಇಲ್ಲಿ ಏನೇನ್ ಕಬ್ಜಾ ಮಾಡವರಿದ್ದೀರಿ?' ಎಲ್ಲಾರೂ ನಕ್ಕರು. ನನಗ ನಗಿ ಬರಲಿಲ್ಲರಿ. ನಾ ಅಲ್ಲಿ ಯಾರ ಖುರ್ಚಿನೂ ಕಸ್ಕೊಂಡಾಕಿ ಅಲ್ಲ. ಖಾಲಿ ಬಿದ್ದಿದ್ದ ಕೆಲಸ ಮಾಡೇನಿ."

ಬೀದರಿನಲ್ಲಿ ಕಬ್ಜಾ ಎಂದರೆ ಏನೆಂದು ಬೇರೆ ಊರಿನವರಿಗೆ ಹೇಳಬೇಕು. ಹಳೆಯ ಉರ್ದು ಜಮೀನು ಕಾಗದಗಳಲ್ಲಿ ಅದು ಮರ್ಯಾದೆಯ ಮಾತು. ಸ್ವಾಧೀನ ಎಂದಷ್ಟೇ ಅರ್ಥ. ಇವತ್ತು ಚಹಾದಂಗಡಿಯಲ್ಲಿ ಅದೇ ಮಾತು ಬಂದರೆ ಯಾರೋ ಇನ್ನೊಬ್ಬರ ಪ್ಲಾಟಿಗೆ ಗೋಡೆ ಹಾಕಿದ್ದಾರೆ ಎಂದು ಅರ್ಥ. ನನ್ನ ಒಂದು ಇಂಗ್ಲಿಷ್ ಶಬ್ದದಿಂದ ಸಿಸ್ಟರ್ ಆ ಗೋಡೆ ಹಾಕುವವರ ಸಾಲಿಗೆ ಸೇರಿದ್ದರು.

"ಫೈಸಲಾ ಯಾವಾಗ್ರಿ?"

"ಸೋಮವಾರ ಕಮಿಟಿ ಮತ್ತ ಕೂಡ್ತದ. ನನ್ನ ಕೂಡ ಇನ್ನೊಬ್ಬಾಕಿ ಅದಾಳ. ನೌಕರಿ ಹೋದ್ರ ಹೋಗಲಿ ಮೇಡಂ, ಬ್ಯಾರೆ ಕಡೆ ಹುಡುಕ್ತೇನಿ. ಖರೆ ಈ ಊರಾಗ ಆಸ್ಪತ್ರಿ ಎಷ್ಟ ಅದಾವ? ನಾಳಿ ಎಲ್ಲಾ ಕಡೆ ಇದೇ ಮಾತು ಹೋಗ್ತದ. ನಮ್ ಅಜ್ಜಿ ಕಾಲದಿಂದ ನಮ್ ಮನ್ಯಾಗಿನವರ ಹೆಸರಿಗೆ ಇಂಥಾದು ಬಂದಿದ್ದಿಲ್ಲ."

ಮೂಲಪತ್ರದ ಪ್ರತಿ ತೆಗೆದು ಮತ್ತೆ ಓದಿದೆ. ತಪ್ಪು ಅವರ ಪತ್ರದಲ್ಲಿರಲಿಲ್ಲ. ಉಳಿದ ಎಲ್ಲ ವಾಕ್ಯಗಳೂ ಹೊಗಳಿಕೆಯವೇ, ಅವುಗಳ ನಡುವೆ ಇದೊಂದೇ ದೂರು ಹೇಗೆ ಬರುತ್ತದೆ ಎಂದು ನಾನು ಕೇಳಿಕೊಂಡೇ ಇರಲಿಲ್ಲ. ನಯೀಮ್ ಸಾಹೇಬರ ಮೂವರು ಆಗ ನೆನಪಾದರು.

"ತಪ್ಪು ನಂದ ಅದರಿ ಸಿಸ್ಟರ್. ಆ ಮಹಡಿಯಾಗ ಖರೇ ಏನ್ ನಡೀತು, ಮೊದಲಿಂದ ಹೇಳ್ರಿ."

"ಹಿಂಗ ನಿಂತು ಹೇಳೂದಲ್ಲ. ನಾಳಿ ಮನಿಗೆ ಬರ್ರಿ, ಫೋಟೋ ಅದಾವ, ತೋರಸ್ತೇನಿ."

ಶುಕ್ರವಾರ ಭಾಲ್ಕಿ ಬಸ್ಸು ಹತ್ತಿದೆ. ಸಿಸ್ಟರ್ ಮನೆಯಲ್ಲಿ ತಾಯಿ ಮತ್ತು ಅಣ್ಣನ ಹೆಂಡತಿ ಇದ್ದರು. ಊಟಕ್ಕೆ ಕೂಡಿಸಿದ ಮೇಲೆಯೇ ಮಾತು. ರೊಟ್ಟಿ ಮುರಿಯುತ್ತ ಸಿಸ್ಟರ್ ಹೇಳಿದರು. ಆ ಮಹಡಿಯಲ್ಲಿ ಇಪ್ಪತ್ತೆರಡು ಮಂದಿ ವೃದ್ಧರು. ಹಿಂದಿನ ಸಿಸ್ಟರ್ ಬಿಟ್ಟು ಹೋಗಿ ತಿಂಗಳಾಗಿತ್ತು. ಯಾರೂ ಹೇಳಿದ ಹೊತ್ತಿಗೆ ಗುಳಿಗೆ ನುಂಗುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ. ಎಲ್ಲರಿಗಿಂತ ಹಟಮಾರಿ ಒಬ್ಬ ನಿವೃತ್ತ ರೈಲು ಚಾಲಕ.

"ದಿನಾ ಸೂಪಿನ ತಾಟು ಎತ್ತಿ ಒಗೀತಿದ್ದ. ಮೂರು ದಿನ ನೋಡಿದೆ. ಒಗಿಯೂಕಿಂತ ಮೊದಲ ಪ್ರತಿ ಸಲ ಗಡಿಯಾರ ನೋಡ್ತಾನ. ಅವನ ಮಗಳಿಗೆ ಫೋನ್ ಮಾಡಿ ಕೇಳಿದೆ. ಮೂವತ್ತು ವರ್ಷ ಒಂದು ಗಂಟಿ ಹತ್ತು ನಿಮಿಷಕ್ಕ ಉಂಡಾನಂತ, ಗಾಡಿ ನಿಲ್ಲೂ ಹೊತ್ತಿಗೆ. ಮರುದಿನ ಒಂದು ಹತ್ತಕ್ಕ ಬರೋಬರಿ ತಾಟು ಇಟ್ಟೆ. ಗಡಿಯಾರ ನೋಡಿದ, ನನ್ನ ನೋಡಿದ, ಉಂಡ. ಅವ ಉಂಡದ್ದು ನೋಡಿ ಬಾಜೂದವ ಉಂಡ. ಹಂಗ ಒಬ್ಬೊಬ್ಬರದೂ ಒಂದೊಂದು ಹುಡುಕಿದೆ. ಇಷ್ಟ ನಾ ಮಾಡಿದ್ದು."

ಅವರ ತಾಯಿ ನನ್ನ ತಾಟಿಗೆ ಬೇಳೆ ಬಡಿಸುತ್ತ ಹೇಳಿದರು, "ಅದ್ರಾಗ ಏನ್ ದೊಡ್ಡದವ್ವಾ! ನಮ್ ಸೊಸಿ ಕಮಲನಗರದಿಂದ ಬಂದಾಗ ಬರೇ ಮರಾಠಿ. ನಮ್ ಮಾತ ತಿಳೀತಿದ್ದಿಲ್ಲ. ಹದಿನೈದ ದಿನದಾಗ ಮನಿ ಕೈಯಾಗ ಹಿಡದಳು ನೋಡು."

ಒಳಗಿನಿಂದ ಸೊಸೆ ಕೂಗಿದರು, "ಅತ್ತೀ, ಕಪಾಟಿನ ಕೀಲಿ ಇನ್ನಾ ನಿಮ್ಮ ಸೊಂಟದಾಗ ಅದ. ನಾ ಏನ್ ಹಿಡದೆ?"

"ಕೀಲಿ ನನ್ನ ಕಡೆ ಅದ, ಮಂದಿ ಎಲ್ಲಾ ನಿನ್ನ ಕಡೆ ಅದಾರ. ನನ್ನ ಮಗನೂ ನಿನ್ನ ಕಡೆನ ಅದಾನ!"

ಎಲ್ಲರೂ ನಕ್ಕರು. ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಹಿಡಿದಳು. ಪಕ್ಷ ಸರ್ಕಾರ ಹಿಡಿಯಿತು ಎಂದು ಪತ್ರಿಕೆಯಲ್ಲಿ ಬರೆಯುತ್ತಾರೆ. ಸೊಸೆ ಮನೆ ಹಿಡಿದಳು ಎಂದು ಅತ್ತೆ ಹೇಳುತ್ತಾಳೆ. ಕ್ರಿಯಾಪದ ಒಂದೇ. ಮೊದಲನೆಯದರಲ್ಲಿ ಯಾರೋ ಕಳೆದುಕೊಳ್ಳುತ್ತಾರೆ, ಎರಡನೆಯದರಲ್ಲಿ ಯಾರೂ ಕಳೆದುಕೊಳ್ಳುವುದಿಲ್ಲ. ಸ್ಪ್ಯಾನಿಶ್‌ನ ಆ ಪದದ ಸರಿಯಾದ ಜೊತೆಗಾರ ನನ್ನ ಬಾಯಲ್ಲೇ ಹುಟ್ಟಿನಿಂದ ಇತ್ತು. ಏಳು ವರ್ಷ ಗೀಟು ಎಳೆದೆ, ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರ ತಾಯಿ ಹೇಳಿದ 'ಕೈಯಾಗ' ಎಂಬ ಮಾತಿನಿಂದಲೇ ಇಂಗ್ಲಿಷೂ ಸಿಕ್ಕಿತು, 'ವೆಲ್ ಇನ್ ಹ್ಯಾಂಡ್'.

ಶನಿವಾರ ಹೊಸ ಪ್ರತಿ ಸಿದ್ಧವಾಯಿತು. ಕಳಿಸಲು ಮಾತ್ರ ಧೈರ್ಯವಾಗಲಿಲ್ಲ. ಒಂದೇ ಪತ್ರಕ್ಕೆ ಎರಡು ಸೀಲಿನ ಎರಡು ಅನುವಾದ ಹೋದರೆ, ಅಭ್ಯರ್ಥಿಯೇ ಹೇಳಿ ಬರೆಸಿದ್ದಾಳೆ ಎಂದು ಯಾರಾದರೂ ಅಂದಾರು. ತಪ್ಪು ನನ್ನದೇ ಎಂದು ಬರೆದುಕೊಟ್ಟರೆ ಮಾತ್ರ ನಂಬುತ್ತಾರೆ. ಆದರೆ ಸೀಲು ಹಾಕಿದ ಅನುವಾದದಲ್ಲಿ ತಪ್ಪು ಒಪ್ಪಿಕೊಂಡವರ ಸೀಲನ್ನು ನಮ್ಮ ಸಂಸ್ಥೆ ಹಿಂದಕ್ಕೆ ತೆಗೆದುಕೊಳ್ಳುತ್ತಿತ್ತು. ನಯೀಮ್ ಸಾಹೇಬರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿದರು.

"ಬೇಟೀ, ಸೀಲು ರಬ್ಬರಿನದು. ಹೋದ್ರ ಇನ್ನೊಂದು ಮಾಡಿಸ್ಕೊಳ್ತಿ. ಆ ಹೆಣ್ಮಗಳು ಹೆಸರು ಎಲ್ಲಿ ಮಾಡಿಸ್ಕೊಳ್ತಾಳ?"

ಸೋಮವಾರ ಹನ್ನೊಂದಕ್ಕೆ ಆಸ್ಪತ್ರೆಗೆ ಹೋದೆ. ಕಮಿಟಿಯಲ್ಲಿ ಮೂವರಿದ್ದರು. ಅಧ್ಯಕ್ಷರು ವಯಸ್ಸಾದ ಒಬ್ಬ ಡಾಕ್ಟರಮ್ಮ. ಕಬ್ಜಾ ಎಂದು ನಗಿಸಿದವರು ಆಡಳಿತ ನೋಡುವವರು. ಮೂರನೆಯವರು ಕೊನೆತನಕ ಬಾಯಿ ಬಿಡಲಿಲ್ಲ. ನನ್ನ ತಪ್ಪೊಪ್ಪಿಗೆಯನ್ನೂ ಹೊಸ ಪ್ರತಿಯನ್ನೂ ಮೇಜಿನ ಮೇಲಿಟ್ಟೆ.

"ಹ್ವಾದ ವಾರ ಒಂದು, ಈ ವಾರ ಒಂದು," ಎಂದರು ಆಡಳಿತದವರು. "ಮುಂದಿನ ವಾರ ಏನ್ ಬರೀತೀರಿ, ಅದನ್ನೂ ಈಗ ಕೊಟ್ಟುಬಿಡ್ರಿ."

ಉತ್ತರವಾಗಿ ನೋಟ್‌ಬುಕ್ಕಿನ ಆ ಪುಟ ತೆರೆದಿಟ್ಟೆ. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಗೀಟುಗಳನ್ನು ಬೆರಳಿಟ್ಟು ಎಣಿಸಿದರು.

"ಇಲ್ಲಿ ಅರವತ್ತೊಂದು ಅದಾವ. ಇಲ್ಲಿ ಬರೇ ನಾಲ್ಕು. ಅರವತ್ತೊಂದು ಬಿಟ್ಟು ನಾಲ್ಕನ್ನ ಯಾಕ ನಂಬಬೇಕವ್ವಾ?"

"ಬಾಜೂಕ ಬರದದ್ದು ಓದ್ರಿ ಡಾಕ್ಟರಮ್ಮ. ಅರವತ್ತೊಂದರಾಗ ಸೇನಾಪತಿ ಅದಾನ, ಪಕ್ಷ ಅದಾವ, ಬಂದೂಕು ಹಿಡಿದವರು ಅದಾರ. ನಾಲ್ಕರಾಗ ಇಬ್ಬರು ಮಾಸ್ತರು, ಒಬ್ಬಾಕಿ ತಾಯಿ, ಒಬ್ಬ ಕುದುರಿ ಪಳಗಿಸವ. ಸುಶೀಲಾ ಸಿಸ್ಟರ್ ಯಾರ ಸಾಲಿನಾಗ ನಿಲ್ಲಬೇಕು, ನೀವ ಹೇಳ್ರಿ. ನಾ ಬರೇ ಗೀಟು ಎಣಿಸಿದೆ, ಬಾಜೂಕ ಓದಲಿಲ್ಲ. ಅದ ನನ್ನ ತಪ್ಪು."

ಡಾಕ್ಟರಮ್ಮ ನಾಲ್ಕೂ ಸಾಲು ಓದಿದರು. "ಕನ್ನಡದಾಗ ಇದಕ್ಕೇನಂತೀರಿ?"

"ವಾರ್ಡ್ ಹಿಡದ್ರು ಅಂತೇನ್ರಿ."

"ಹಿಡದ್ರು ಅಂದ್ರೂ ಕಬ್ಜಾನ ಆಯ್ತಲ್ಲ!" ಎಂದರು ಆಡಳಿತದವರು.

ಡಾಕ್ಟರಮ್ಮ ಅವರ ಕಡೆ ತಿರುಗಿದರು. "ನಿಮ್ಮ ಮನಿ ಯಾರ ಹಿಡದಾರ್ರಿ?"

"ನಮ್ ಮನ್ಯಾಕಿ."

"ಪೊಲೀಸ್ ಕಂಪ್ಲೇಂಟ್ ಕೊಟ್ಟೀರೇನು?"

ಬಾಯಿ ಬಿಡದ ಮೂರನೆಯವರು ಆಗ ಮೊದಲ ಸಲ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಮೊದಲ ಪ್ರತಿಯನ್ನು ನನ್ನ ಮುಂದೆ ಸರಿಸಿ, ಆ ಸಾಲನ್ನು ನನ್ನ ಕೈಯಿಂದಲೇ ಹೊಡೆದು ಹಾಕಿಸಿ, ಪಕ್ಕದಲ್ಲಿ ಸಹಿ ಮಾಡಿಸಿದರು. "ಹೋಗ್ರಿ. ಫೈಸಲಾ ನಮ್ದು," ಎಂದರು.

ಆ ಗುರುವಾರದ ಡೈರಿಯಲ್ಲಿ ಎರಡೇ ಸಾಲು ಇವೆ. ಸಿಸ್ಟರ್‌ಗೆ ನೌಕರಿ ಆಯಿತು. ನನ್ನ ಸೀಲು ಹೋಯಿತು.

ಸೀಲು ಆರು ತಿಂಗಳ ಮೇಲೆ ಮರಳಿ ಬಂತು. ಅಲ್ಲಿಯವರೆಗೆ ಹೆಸರಿಲ್ಲದ ಸುದ್ದಿ ಪುಟಗಳನ್ನೇ ಮಾಡಿದೆ. ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಯಂತ್ರದ ಅನುವಾದ ತಿದ್ದುವ ಕೆಲಸ ಶುರುವಾದ ಮೊದಲ ದಿನ, ಕುತೂಹಲಕ್ಕೆ ಸಿಸ್ಟರ್‌ರ ಆ ಒಂದು ವಾಕ್ಯವನ್ನು ಅದಕ್ಕೆ ಕೊಟ್ಟು ನೋಡಿದೆ. ಅದೂ 'ಸೀಝ್' ಎಂದೇ ಬರೆಯಿತು. ನನಗೆ ಸಿಟ್ಟು ಬರಲಿಲ್ಲ. ಪಾಪ, ಅದೂ ಗೀಟು ಎಣಿಸಿತ್ತು. ಅದರ ಬಳಿ ಇದ್ದ ಗೀಟು ಬಹಳ, ಅಷ್ಟೇ ವ್ಯತ್ಯಾಸ. ಕಮಲನಗರದ ಹುಡುಗಿಗೆ ಹೇಳುವುದಿದ್ದರೆ ಇದೊಂದನ್ನೇ. ಲೆಕ್ಕ ಇಡು, ಬೇಡ ಅನ್ನುವುದಿಲ್ಲ. ಗೀಟಿನ ಪಕ್ಕದಲ್ಲಿ ಯಾರ ಹೆಸರಿದೆ ಎಂದು ಮಾತ್ರ ಪ್ರತಿ ಸಲ ಓದು.

ಮೂರು ವಾರದ ಹಿಂದೆ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಬೇಕೆಂದೇ ಅದೇ ಆಸ್ಪತ್ರೆಗೆ ಸೇರಿಸಿದೆ. ಸುಶೀಲಾ ಸಿಸ್ಟರ್ ಅಲ್ಲಿಗೆ ಬಂದು ನಾಲ್ಕು ವರ್ಷವಾಗಿದೆ, ನಾನು ಅವರಿಗೆ ಮೇಡಂ ಹೋಗಿ ತಂಗಿಯಾಗಿದ್ದೇನೆ. ಅಪ್ಪನ ಪಕ್ಕದ ಮಂಚದಲ್ಲಿ ಜನವಾಡದ ಒಬ್ಬ ಯಜಮಾನರು. ಬೆಳಿಗ್ಗೆಯಿಂದ ಸೂಜಿ ಚುಚ್ಚಿಸಿಕೊಳ್ಳದೆ ಗದ್ದಲ ಎಬ್ಬಿಸಿದ್ದರು. ಸಿಸ್ಟರ್ ಬಂದವರೇ ಅವರ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರು. ಅವರು ಹೇಳುತ್ತ ಹೇಳುತ್ತ ತೋಳು ಮುಂದೆ ಚಾಚಿದರು. ಸೂಜಿ ಮುಗಿಯಿತು, ಎಮ್ಮೆಯ ಮಾತು ಮುಗಿದಿರಲಿಲ್ಲ.

ನೆಲ ಒರೆಸುತ್ತಿದ್ದ ಆಯಾ ಕೋಲು ನಿಲ್ಲಿಸಿ ನನ್ನನ್ನು ನೋಡಿದಳು.

"ನೋಡಿದ್ರೇನ್ರಿ ಮೇಡಂ? ಹಿಂಗ ಅದ ನಮ್ ಸಿಸ್ಟರ್ ಕತಿ. ಬಂದು ಹದಿನೈದ ದಿನಕ್ಕ ಇಡೀ ವಾರ್ಡ್ ಕಬ್ಜಾ ಮಾಡ್ಯಾರ್ರಿ!"

ಆ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಬಾಗಿಲ ಬಳಿ ಇದ್ದ ಸಿಸ್ಟರ್‌ಗೂ ಕೇಳಿಸಿತು. ತಿರುಗಿ ನನ್ನ ಕಡೆ ನೋಡಿ, "ಕೇಳಿದೇನ್ ತಂಗೀ? ಇದನ್ನೂ ಹೊಡದ ಹಾಕ್ತೀಯೇನು?" ಎಂದು ನಕ್ಕು ಮುಂದಿನ ಮಂಚಕ್ಕೆ ಹೋದರು.

ಮನೆಗೆ ಬಂದು ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಕಮಿಟಿಯ ಆ ಸೋಮವಾರದ ನಂತರ ಅದರಲ್ಲಿ ಒಂದು ಗೀಟೂ ಎಳೆದಿರಲಿಲ್ಲ, ಸಿಸ್ಟರ್‌ರ ವಾಕ್ಯಕ್ಕೂ. ಕಬ್ಜಾ ಸ್ಪ್ಯಾನಿಶ್ ಪದವಲ್ಲ, ಆ ಪುಟದಲ್ಲಿ ಅದಕ್ಕೆ ಜಾಗವಿಲ್ಲ. ಆದರೂ ತಾರೀಖು ಹಾಕಿ, ಆಯಾ, ಸಿಸ್ಟರ್, ವಾರ್ಡು ಎಂದು ಸಣ್ಣಕ್ಷರದಲ್ಲಿ ಬರೆದೆ. ಮೂರನೆಯ ಕಾಲಮ್ಮಿನಲ್ಲಿ ನಿಂತಿದ್ದ ನಾಲ್ಕು ಗೀಟುಗಳ ಮೇಲೆ ಐದನೆಯದನ್ನು ಅಡ್ಡಲಾಗಿ ಎಳೆದು ಕಟ್ಟು ಕಟ್ಟಿದೆ.